ಸಂಜೆ ಐದೂವರೆಯ ಹಸಿವು ಮತ್ತು ವೇ ಪ್ರೋಟೀನ್

ನನ್ನ ತೂಕ ಏರಿದ್ದು ಊಟದಿಂದಲ್ಲ, ಊಟಕ್ಕೆ ಮುಂಚಿನ ಎರಡು ಗಂಟೆಯಿಂದ. ಆಫೀಸು ಮುಂಬೈಯ ಫೋರ್ಟ್‌ನಲ್ಲಿ, ಮನೆ ದೂರದ ಡೊಂಬಿವಲಿಯಲ್ಲಿ. ಸಂಜೆ ರೈಲು ಹಿಡಿಯಲು ಸಿಎಸ್‌ಎಂಟಿ ಸ್ಟೇಶನ್ ಮುಟ್ಟುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ಅಲ್ಲೊಂದು ವಡಾಪಾವ್, ಡೊಂಬಿವಲಿಯಲ್ಲಿ ಇಳಿದ ಮೇಲೆ ಇನ್ನೊಂದು. ಮನೆಯಲ್ಲಿ ಕುಚಲಕ್ಕಿ ಅನ್ನ, ಬಸಳೆ ಪದಾರ್ಥ ಕಾದಿರುತ್ತದೆ, ಅದನ್ನು ಬಿಡಲಿಕ್ಕುಂಟೇ?

ಹಾಗಾಗಿ ಊಟಕ್ಕೆ ಕೈಹಚ್ಚದೆ ಆ ಹೊತ್ತನ್ನಷ್ಟೇ ಹಿಡಿದುಕೊಂಡೆ. ಜಿಮ್ಮಿನ ಹುಡುಗರು ಕಸರತ್ತಿನ ನಂತರ ನೀರಿಗೆ ಕಲಸಿ ಕುಡಿಯುವ ವೇ ಪ್ರೋಟೀನನ್ನು, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್ ಪುಡಿಯನ್ನು, ನಾನು ಐದೂವರೆಗೆ, ಆಫೀಸಿನಿಂದ ಹೊರಡುವ ಅರ್ಧ ಗಂಟೆ ಮುಂಚೆ ಕುಡಿಯತೊಡಗಿದೆ. ಒಂದು ಸ್ಕೂಪಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, 120 ಕ್ಯಾಲೊರಿ.

ಹೊತ್ತಿಗೆ ಯಾಕಿಷ್ಟು ಮಹತ್ವ ಅಂದರೆ, ಹಸಿವಿನ ಹಾರ್ಮೋನ್ ಗ್ರೆಲಿನ್ ದಿನಾ ತಿನ್ನುವ ಹೊತ್ತಿಗೆ ಸರಿಯಾಗಿ ಏರುತ್ತದೆ. ಜಠರದಿಂದ ಹೊರಟು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವ ಇದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಪತ್ತೆ ಮಾಡಿದರು. ವರ್ಷಗಟ್ಟಲೆ ವಡಾಪಾವ್ ತಿಂದು ನನ್ನ ಗ್ರೆಲಿನ್‌ಗೂ ರೈಲಿನ ಟೈಮ್‌ಟೇಬಲ್ ಬಾಯಿಪಾಠವಾಗಿತ್ತು ಅಂತ ಕಾಣುತ್ತದೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಪಾಲು ಕೇಸಿನ್, 20 ಪಾಲು ವೇ. ಕೇಸಿನ್ ಜಠರದ ಆಮ್ಲಕ್ಕೆ ಸಿಕ್ಕಿ ಗಟ್ಟಿಯಾಗಿ ನಿಧಾನಕ್ಕೆ ಇಳಿಯುತ್ತದೆ. ವೇ ಹಾಗೆ ಗಟ್ಟಿಯಾಗದೆ ಬೇಗ ಸಣ್ಣ ಕರುಳಿಗೆ ತಲುಪುತ್ತದೆ. ಆಗ ಕರುಳಿನ ಕೋಶಗಳು ಸಿಸಿಕೆ, ಜಿಎಲ್‌ಪಿ-1, ಪಿವೈವೈ ಎಂಬ 'ಸಾಕು' ಅನ್ನಿಸುವ ಹಾರ್ಮೋನ್‌ಗಳನ್ನು ಬಿಡುತ್ತವೆ, ಗ್ರೆಲಿನ್ ತಗ್ಗುತ್ತದೆ. ನನಗೆ ಬೇಕಾಗಿದ್ದೂ ಅಷ್ಟೇ, ಹಸಿವು ಡೊಂಬಿವಲಿ ತನಕ ಸುಮ್ಮನಿದ್ದರೆ ಸಾಕು.

ಈಗ ಎಲ್ಲರ ಬಾಯಲ್ಲೂ ಇರುವ ತೂಕ ಇಳಿಸುವ ಇಂಜೆಕ್ಷನ್ನೂ ಈ ಜಿಎಲ್‌ಪಿ-1ರದೇ ದಾರಿ ಹಿಡಿದದ್ದು. ಆದರೆ ದೇಹದ ಜಿಎಲ್‌ಪಿ-1 ಎರಡು ನಿಮಿಷದಲ್ಲೇ ಅರ್ಧಕ್ಕೆ ಇಳಿಯುತ್ತದೆ, ಅಂಥ ಇಂಜೆಕ್ಷನ್ನಿನಲ್ಲಿರುವ ಸೆಮಾಗ್ಲುಟೈಡ್ ಎಂಬ ಔಷಧಿ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು. ಪುಡಿ ಕುಡಿದು ಇಂಜೆಕ್ಷನ್ನಿನ ಫಲ ಬಯಸುವವರಿಗೆ ನಾನು ಇಷ್ಟನ್ನೇ ಹೇಳುವುದು. ಹಾರ್ಮೋನ್ ಏರಿದ ಮಾತ್ರಕ್ಕೆ ಕೊಬ್ಬು ಕರಗುವುದಿಲ್ಲ. ವಡಾಪಾವ್ ತಪ್ಪಿದ್ದರಿಂದ ನಾನು ಸಪೂರ ಆದದ್ದು. ವಡಾಪಾವ್, ಪುಡಿ ಎರಡೂ ಸೇರಿದರೆ ತೂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಕಲಸುವುದಕ್ಕೂ ಕ್ರಮ ಉಂಟು. ಶೇಕರಿಗೆ ಮೊದಲು ತಣ್ಣೀರು, ಆಮೇಲೆ ಪುಡಿ. ಪುಡಿ ಮೊದಲು ಹಾಕಿದರೆ ತಳದ ಮೂಲೆಗೆ ಅಂಟಿ ಕೂರುತ್ತದೆ, ಎಷ್ಟು ಕುಲುಕಿದರೂ ಬಿಡದು. ಬಿಸಿನೀರು ಹಾಕಿದರೆ ಗಂಟುಗಂಟು. ನೊರೆ ಇಳಿಯುವ ತನಕ ಬಿಟ್ಟು ಕುಡಿದರೆ ತೇಗು ಕಮ್ಮಿ. ಖಾಲಿ ಶೇಕರನ್ನು ಆಗಲೇ ತೊಳೆಯಿರಿ, ಮುಚ್ಚಿ ಚೀಲಕ್ಕೆ ತುರುಕಿ ಮನೆಯಲ್ಲಿ ತೆರೆದರೆ ಆ ನಾತ ದೇವರಿಗೇ ಪ್ರೀತಿ.

ಕಾನ್ಸಂಟ್ರೇಟ್ ಎಂಬ ಬಗೆಯ ವೇ ಪುಡಿ ಕುಡಿದಾಗ ನನಗೆ ಹೊಟ್ಟೆ ಉಬ್ಬರಿಸುತ್ತಿತ್ತು, ಅದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಜಾಸ್ತಿ. ಇನ್ನಷ್ಟು ಸೋಸಿದ ಐಸೊಲೇಟಿಗೆ ಬದಲಾಯಿಸಿದ ಮೇಲೆ ಸಮ ಆಯಿತು, ರೇಟು ಮಾತ್ರ ಕೈಸುಡುತ್ತದೆ. ಡಬ್ಬಿ ಕೊಳ್ಳುವಾಗ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರು ನೋಡಿ, ಪದಾರ್ಥಗಳ ಪಟ್ಟಿಯನ್ನೂ ಓದಿ. ಗ್ಲೈಸಿನ್, ಟಾರಿನ್ ಬೇರೆಯಾಗಿ ಸೇರಿಸಿದ್ದರೆ ನಾನು ಡಬ್ಬಿ ಕೆಳಗಿಡುತ್ತೇನೆ. ಅಂಥ ಅಗ್ಗದ ಅಮೈನೊ ಆಮ್ಲ ಬೆರೆಸಿ ಪ್ರೋಟೀನಿನ ಲೆಕ್ಕ ಏರಿಸುವವರೂ ಇದ್ದಾರೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದರ ಗೊಡವೆಗೇ ಹೋಗಬಾರದು.

"ಪನೀರ್ ಮಾಡಿದ ನೀರೇ ವೇ ಅಲ್ಲವಾ ಮಗಾ, ಅದನ್ನೇ ಕುಡಿ" ಅಂದರು ಅಮ್ಮ. ವೇ ಹೌದು. ಆದರೆ ಪನೀರಿಗೆ ಹಾಲು ಕುದಿಸುವಾಗಲೇ ವೇ ಪ್ರೋಟೀನಿನ ಬಹುಪಾಲು ಕೇಸಿನ್ನಿಗೆ ಅಂಟಿಕೊಂಡು ಪನೀರಿನ ಜೊತೆಗೇ ಹೋಗುತ್ತದೆ. ಉಳಿದ ನೀರಿನ 100 ಮಿಲಿಯಲ್ಲಿ ಒಂದು ಗ್ರಾಂ ಪ್ರೋಟೀನೂ ಇರುವುದಿಲ್ಲ. ಅದು ನಮ್ಮಲ್ಲಿ ಚಪಾತಿ ಹಿಟ್ಟಿಗೆ ಹೋಗುತ್ತದೆ.

ಡಬ್ಬಿ ಖಾಲಿಯಾದಾಗ ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿಗಡಲೆ ಒಯ್ದು ನೋಡಿದ್ದೇನೆ. ಹಸಿವು ಹೆಚ್ಚುಕಮ್ಮಿ ಅಷ್ಟೇ ಅಡಗುತ್ತದೆ, ಖರ್ಚೂ ಕಮ್ಮಿ. ಆದರೆ ಏಸಿ ರೂಮಿನಲ್ಲಿ ಮೊಟ್ಟೆ ಸುಲಿಯುತ್ತ ಕೂತರೆ ಪಕ್ಕದ ಮೇಜಿನವರು ಎದ್ದು ಹೋಗುತ್ತಾರೆ ಮಾರಾಯ್ರೆ.