ಕೋಡಿಲ್ಲದ ಹೋತ, ಮೂರು ಪ್ರೈಮರ್: ನನ್ನ ಅನುಭವ

ಕೋಡಿಲ್ಲದ ಹೋತನಲ್ಲಿ ಕೋಡು ತಡೆಯುವ ಡಿಎನ್‌ಎ ಬದಲಾವಣೆಯ ಪ್ರತಿ ಒಂದಿದೆಯೋ ಎರಡೋ ಎಂದು ಹೇಳುವ ಪರೀಕ್ಷೆಯೊಂದನ್ನು ಮಾಡಲು ಹೊರಟಿದ್ದೆ. ಕೊನೆಗೂ ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಎರಡು ಬ್ಯಾಂಡ್, ಅಂದರೆ ಡಿಎನ್‌ಎ ಗೆರೆಗಳು, ಬೇರೆ ಬೇರೆಯಾಗಿ ನಿಂತವು. ಮೇಲಿನದು ಕೋಡಿನ ಪ್ರತಿ, ಕೆಳಗಿನದು ಕೋಡಿಲ್ಲದ ಪ್ರತಿ. "ಇದು ಆಗೋ ಕೆಲಸ ಅಲ್ಲ, ಸುಮ್ನೆ ದುಡ್ಡು ದಂಡ" ಎಂದಿದ್ದವರಿಗೆಲ್ಲ ಈಗ ಅದೇ ಫೋಟೊ ತೋರಿಸುತ್ತಿದ್ದೇನೆ.

ಮೇಕೆಯಲ್ಲಿ ಕೋಡು ಬರದಿರಲು ಕೋಡಿಲ್ಲದ ಒಂದು ಪ್ರತಿ ಸಾಕು. ಇಂಟರ್‌ಸೆಕ್ಸ್ (ಗಂಡು-ಹೆಣ್ಣು ಲಕ್ಷಣ ಬೆರೆತ ಮರಿ) ಆಗಲು ಅಂಥವೇ ಎರಡು ಬೇಕು, ಅದೂ ಎಕ್ಸ್‌ಎಕ್ಸ್ (ವರ್ಣತಂತುವಿನಲ್ಲಿ ಹೆಣ್ಣಾದ) ಮರಿಯಲ್ಲಿ ಮಾತ್ರ. ಒಂದೊಂದು ಪ್ರತಿ ಇರುವ ಜೋಡಿ ಕಟ್ಟಿದರೆ ಎಂಟರಲ್ಲಿ ಒಂದು ಮರಿ ಹೀಗಾಗುತ್ತದೆ. ಹೋತನ ತಲೆ ನೋಡಿ ಒಂದು ಪ್ರತಿಯೋ ಎರಡೋ ಹೇಳೋಕಾಗಲ್ಲ, ಅಲ್ವಾ? ಅದಕ್ಕೇ ಪಿಸಿಆರ್, ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ.

2001ರ ವರದಿಯಲ್ಲಿ ಅಂಡಾಶಯ ಬೆಳೆಯಲು ಬೇಕಾದ ಫಾಕ್ಸ್‌ಎಲ್2 ಜೀನ್‌ನಿಂದ ದೂರದಲ್ಲಿ 11.7 ಸಾವಿರ ಬೇಸ್ (ಡಿಎನ್‌ಎಯ ಅಕ್ಷರ) ಕಳೆದುಹೋಗಿದೆ ಎಂದಿತ್ತು. ಸರಿ, ಆಚೆ ಒಂದು, ಈಚೆ ಒಂದು ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ತುಂಡು) ಹಾಕಿದೆ. ನಡುವಿನ ತುಂಡು ಇಲ್ಲದಿದ್ದರೆ ಚಿಕ್ಕ ಬ್ಯಾಂಡ್ ಬರಲೇಬೇಕು. ಬರಲಿಲ್ಲ. ನಕಲು ಮಾಡುವ ಕಿಣ್ವ ಪಾಲಿಮರೇಸ್ ಬದಲಿಸಿದೆ, ಮೆಗ್ನೀಸಿಯಂ ಏರಿಸಿದೆ, ತಾಪಮಾನ ಒಂದೊಂದೇ ಡಿಗ್ರಿ ಇಳಿಸಿದೆ. ನಾಲ್ಕು ತಿಂಗಳು ಹೋಯಿತು, ವರ್ಷದ ರೀಏಜೆಂಟ್ ದುಡ್ಡಿನಲ್ಲಿ ಅರ್ಧದಷ್ಟು ಅಲ್ಲೇ ಕರಗಿತು. "ಡಿಎನ್‌ಎ ಕೆಟ್ಟಿದೆ ಬಿಡಿ" ಎಂದರು. ಅದೇ ಟ್ಯೂಬಿನಲ್ಲಿ, ಡಿಎನ್‌ಎ ಸರಿಯಿದೆಯೇ ನೋಡಲು ಹಾಕಿದ ಕಂಟ್ರೋಲ್ ಜೀನ್ ಚೆನ್ನಾಗಿ ಬೆಳಗುತ್ತಿತ್ತು. ಹಾಗಾಗಿ ನಾನು ಬಿಡಲಿಲ್ಲ.

ಉತ್ತರ 2020ರ ವರದಿಗಳಲ್ಲಿ ಸಿಕ್ಕಿತು. ಕಳೆದುಹೋದ ಜಾಗ ಖಾಲಿ ಇರಲಿಲ್ಲ. ಅಲ್ಲಿ ಬೇರೆ ಕಡೆಯ ಸುಮಾರು 480 ಸಾವಿರ ಬೇಸಿನ ನಕಲು ತಿರುಗುಮುರುಗಾಗಿ ಕೂತಿತ್ತು. ಅಷ್ಟು ದೂರ ಯಾವ ಪಿಸಿಆರ್ ದಾಟುತ್ತದೆ! ಆಮೇಲೆ ದಾರಿ ಸುಲಭವಾಯಿತು. ಹೊರಗಿನ ಒಂದು ಪ್ರೈಮರ್ ಎರಡೂ ಬಗೆಯ ಪ್ರತಿಗೆ ಸಾಮಾನ್ಯ, ಇನ್ನೊಂದು ಕಳೆದ ತುಂಡಿನೊಳಗೆ, ಮೂರನೆಯದು ಬಂದು ಕೂತ ತುಂಡಿನ ಅಂಚಿನಲ್ಲಿ. ಮೂರನ್ನೂ ಸಮ ಹಾಕಿದರೆ ಮೇಲಿನ ಬ್ಯಾಂಡ್ ಮಂಕಾಗುತ್ತದೆ. ಎಷ್ಟಕ್ಕೆಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕಪ್ಪು ಕೂದಲಿನ ಬೇರಿನಿಂದ ತೆಗೆದ ಡಿಎನ್‌ಎ ಕೈಕೊಡುತ್ತದೆ, ಕಪ್ಪು ಬಣ್ಣ ಕೊಡುವ ಮೆಲನಿನ್ ಕಾಟ. ಬಿಎಸ್‌ಎ ಎಂಬ ಪ್ರೋಟೀನ್ ಸ್ವಲ್ಪ ಜಾಸ್ತಿ ಹಾಕಿ, ಸರಿಹೋಗುತ್ತದೆ.

ನಡುವೆ ಒಂದು ಮರಿ ನನ್ನನ್ನು ವಾರಗಟ್ಟಲೆ ಕಾಡಿತು. ಕೋಡಿದೆ, ಕೋಡಿಲ್ಲದ ಬ್ಯಾಂಡ್ ಇಲ್ಲ, ಆದರೆ ಬಾಲದ ಕೆಳಗೆ ಚಂದ್ರನಾಡಿ ಬೆರಳಿನ ತುದಿಯಷ್ಟು ಹೊರಗೆ ಬಂದಿದೆ. ರಕ್ತದಲ್ಲಿ ಗಂಡಿನ ವೈ ವರ್ಣತಂತುವಿನ ಎಸ್‌ಆರ್‌ವೈ ಜೀನ್‌ನ ಬ್ಯಾಂಡ್ ಗಟ್ಟಿಯಾಗಿ ಬಂತು, ಕೂದಲ ಬೇರಿನಲ್ಲಿ ಏನೂ ಇಲ್ಲ. ವಿಚಾರಿಸಿದರೆ ಗಂಡು ಮರಿಯ ಜೊತೆ ಅವಳಿಯಾಗಿ ಹುಟ್ಟಿತ್ತು. ಹೊಟ್ಟೆಯಲ್ಲೇ ರಕ್ತ ಬೆರೆತ ಫ್ರೀಮಾರ್ಟಿನ್ ಅದು. ಕಾರಣ ಪೂರಾ ಬೇರೆ. ರಕ್ತ ಒಂದನ್ನೇ ನಂಬಿದ್ದರೆ ಆ ಹೆಣ್ಣನ್ನು ಎಕ್ಸ್‌ವೈ ಎಂದು ಬರೆದುಬಿಡುತ್ತಿದ್ದೆ.

ಇಲ್ಲಿಯವರೆಗೆ ನಲವತ್ತು ಚಿಲ್ಲರೆ ಪ್ರಾಣಿ ನೋಡಿದ್ದೇನೆ. ಕೋಡಿಲ್ಲದ ಹೋತಗಳು ಹತ್ತು-ಹನ್ನೊಂದು ಇರಬೇಕು, ಮೂರರಲ್ಲಿ ಎರಡೂ ಕೋಡಿಲ್ಲದ ಪ್ರತಿ. ಅದರಲ್ಲೊಂದು ಮಂದೆಯಲ್ಲೇ ಒಳ್ಳೆಯ ಹೋತ, ಮಾರಲು ಹೊರಟಿದ್ದರು. ಬೇಡವೇ ಬೇಡ ಎಂದೆ. ಕೋಡಿರುವ ಮೇಕೆಗಳಿಗೆ ಬಿಟ್ಟರೆ ಮರಿಗಳೆಲ್ಲ ಕೋಡಿಲ್ಲದೆ ಹುಟ್ಟುತ್ತವೆ, ಈ ದೋಷದ ಇಂಟರ್‌ಸೆಕ್ಸ್ ಒಂದೂ ಬರಲ್ಲ. ಇಂಥ ಕೆಲವು ಹೋತಗಳಲ್ಲಿ ವೀರ್ಯದ ನಾಳ ಕಟ್ಟಿಕೊಂಡಿರುತ್ತದೆ, ಅದಕ್ಕೆ ಮೊದಲು ವೀರ್ಯ ನೋಡಿದೆವು. ಚೆನ್ನಾಗಿತ್ತು. ಅವನೀಗ ಕೋಡಿರುವ ಮೇಕೆಗಳ ಜೊತೆಗಿದ್ದಾನೆ.