ಕೀ ತಿರುಗಿಸಿದರೆ ಬರೀ ಟಿಕ್ ಟಿಕ್: ಕಾರಿನ ಬ್ಯಾಟರಿ ಇಳಿದಾಗ ಮಾಡಬೇಕಾದ್ದೇನು?

ಆಯುಧಪೂಜೆ ದಿನ ಕಾರು ತೊಳೆದು, ನಾಲ್ಕೂ ಬಾಗಿಲು ತೆರೆದಿಟ್ಟು, ಹಾಡು ಹಾಕಿಕೊಂಡು ಒಳಗೆಲ್ಲ ಒರೆಸುತ್ತೇವೆ. ಎಂಜಿನ್ ಆಫ್ ಆಗಿರುತ್ತದೆ. ಒಳಗಿನ ಲೈಟು, ಸ್ಟೀರಿಯೊ ಎಲ್ಲ ಬ್ಯಾಟರಿಯ ಮೇಲೇ ಓಡುತ್ತಿರುತ್ತವೆ. ಹಾರ ಹಾಕಿ, ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಇನ್ನೇನು ಒಂದು ಸುತ್ತು ಹೋಗಿಬರೋಣ ಅಂತ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಟಿಕ್. ನಿಂಬೆಹಣ್ಣಿಗೆ ಏನೂ ಆಗುವುದಿಲ್ಲ.

ಹಬ್ಬವೇ ಆಗಬೇಕೆಂದಿಲ್ಲ. ಕಾರನ್ನು ಬೇಸ್‌ಮೆಂಟಿನಲ್ಲಿ ಬಿಟ್ಟು ಎರಡು ವಾರ ಊರಿಗೆ ಹೋಗಿಬಂದರೂ ಸಾಕು. ಡ್ಯಾಶ್‌ಕ್ಯಾಮ್, ಕಳ್ಳರ ಅಲಾರಂ, ಜಿಪಿಎಸ್ ಇವೆಲ್ಲ ಗಾಡಿ ನಿಂತಿದ್ದಾಗಲೂ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಡಿಕ್ಕಿ ಸರಿಯಾಗಿ ಮುಚ್ಚದೆ ಒಳಗಿನ ಪುಟ್ಟ ಬಲ್ಬು ರಾತ್ರಿಯಿಡೀ ಉರಿದರೆ, ಅದಾಗಲೇ ಸೊರಗಿದ ಬ್ಯಾಟರಿಯ ಕಥೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದು ಕಷ್ಟದ ಕೆಲಸವಲ್ಲ. ಆದರೆ ಸುತ್ತ ನಿಂತ ನಾಲ್ಕು ಜನ ನಾಲ್ಕು ರೀತಿ ಹೇಳುತ್ತಾರೆ. ಅವಸರದಲ್ಲಿ ಕ್ಲಿಪ್ ಎಲ್ಲೋ ತಾಗಿ ಕಿಡಿ ಹಾರುತ್ತದೆ. ಮುಂದೆ ಹೇಳುವ ಹೆಚ್ಚಿನ ಎಚ್ಚರಿಕೆಗಳ ಹಿಂದಿರುವುದು ಒಂದೇ ಮಾತು: ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು.

ತಪ್ಪು ಬ್ಯಾಟರಿಯದೇನಾ?

ಮೊದಲು ಕಿವಿಗೊಟ್ಟು ಕೇಳಿ. ಟಿಕ್ ಟಿಕ್ ಅಂತ ಬೇಗಬೇಗ ಸದ್ದು ಬಂದು, ಮೀಟರಿನ ಲೈಟುಗಳು ಮಂಕಾಗಿ ಮಿಣುಕಿದರೆ ಬ್ಯಾಟರಿ ಇಳಿದಿದೆ ಎಂದೇ ಅರ್ಥ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ, ಆದರೆ ಒಂದೇ ಒಂದು ಸಲ 'ಟಕ್' ಅಂತ ಸದ್ದಾಗಿ ಸುಮ್ಮನಾಗುತ್ತದೆ ಅಂದರೆ ಸ್ಟಾರ್ಟರ್ ಮೋಟಾರ್ ಮೇಲೆ ಅನುಮಾನ ಪಡಬೇಕು. ಸೆಲ್ಫ್ ಜೋರಾಗಿ ತಿರುಗುತ್ತಿದ್ದರೂ ಎಂಜಿನ್ ಹಿಡಿಯುತ್ತಿಲ್ಲ ಎಂದಾದರೆ ಪೆಟ್ರೋಲೋ, ಸೆನ್ಸರೋ, ಬೇರೇನೋ ತೊಂದರೆ ಇದೆ. ಅಲ್ಲಿ ಕೇಬಲ್ ಹಾಕಿ ಉಪಯೋಗವಿಲ್ಲ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕಾರಿನ ಬ್ಯಾಟರಿಯಲ್ಲಿ 6 ಸೆಲ್‌ಗಳಿರುತ್ತವೆ, ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಅಂದರೆ ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ತೋರಿಸಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಎಂಜಿನ್ ತಿರುಗಿಸುವ ಶಕ್ತಿ ಇಲ್ಲ ಎನ್ನಬಹುದು.

ಬಟನ್ ಸ್ಟಾರ್ಟ್ ಕಾರುಗಳಲ್ಲಿ ಬ್ಯಾಟರಿ ಪೂರ್ತಿ ಇಳಿದರೆ ರಿಮೋಟ್ ಒತ್ತಿದರೂ ಬಾಗಿಲೇ ತೆರೆಯುವುದಿಲ್ಲ. ಎಷ್ಟೋ ಜನ ಇಲ್ಲೇ ಗಾಬರಿ ಬೀಳುತ್ತಾರೆ. ರಿಮೋಟಿನ ಪಕ್ಕದಲ್ಲೋ ಹಿಂದೆಯೋ ಸಣ್ಣ ಲ್ಯಾಚ್ ಇರುತ್ತದೆ. ಅದನ್ನು ಎಳೆದರೆ ಒಳಗಿಂದ ಲೋಹದ ಕೀ ಹೊರಗೆ ಬರುತ್ತದೆ. ಡ್ರೈವರ್ ಬಾಗಿಲಿನ ಹಿಡಿಯ ಹತ್ತಿರವೇ ಅದಕ್ಕೆ ತೂತು ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ತೂತಿನ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ.

ಬಾನೆಟ್ ಎತ್ತಿದ ಮೇಲೆ ಮೊದಲು ನೋಡಿ, ಆಮೇಲೆ ಮುಟ್ಟಿ

12 ವೋಲ್ಟ್ ಹೊಡೆಯುವುದಿಲ್ಲ, ಅದು ನಿಜ. ಅಪಾಯ ಇರುವುದು ಬೇರೆ ಮೂರು ಕಡೆ. ಬ್ಯಾಟರಿಯ ಒಳಗೆ ಗಂಧಕಾಮ್ಲ ಇದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಹೊರಗೆ ಬರುತ್ತದೆ, ಗಾಳಿಯಲ್ಲಿ ಅದು ಶೇ 4ರಷ್ಟು ಸೇರಿದ್ದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗೆ ಸಿಡಿದರೆ ಆ್ಯಸಿಡ್ ಮುಖಕ್ಕೇ ಹಾರುತ್ತದೆ. ಮೂರನೆಯದು ಶಾರ್ಟ್. ಕೈಯಲ್ಲಿರುವ ಸ್ಪಾನರ್ ಅಥವಾ ಬೆರಳಿನ ಉಂಗುರ ಪ್ಲಸ್‌ಗೂ ಬಾಡಿಗೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಲೋಹ ಕ್ಷಣದಲ್ಲಿ ಕಾಯುತ್ತದೆ. ಚಿನ್ನದ ಉಂಗುರವೂ ಒಳ್ಳೆಯ ವಾಹಕವೇ.

ಹಾಗಾಗಿ ಉಂಗುರ, ಬಳೆ, ಸ್ಟೀಲ್ ಚೈನಿನ ವಾಚು ಮೊದಲು ಬಿಚ್ಚಿಡಿ. ಕೊರಳ ಸರ ಬಗ್ಗಿದಾಗ ಜೋಲುತ್ತಿದ್ದರೆ ಬಟ್ಟೆಯ ಒಳಗೆ ಸೇರಿಸಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ, ಯಾವ ಕನ್ನಡಕವಾದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಬೀಡಿ, ಸಿಗರೇಟು ದೂರ ಇರಲಿ. ಕತ್ತಲೆ ಇದೆ ಅಂತ ಕಡ್ಡಿ ಗೀರಿ ನೋಡಬೇಡಿ. ಮೊಬೈಲ್ ಟಾರ್ಚ್ ಇದೆಯಲ್ಲ.

ಈಗ ಬ್ಯಾಟರಿ ನೋಡಿ. ಡಬ್ಬ ಉಬ್ಬಿದೆಯಾ? ಬಿರುಕು ಬಿಟ್ಟು ಒದ್ದೆಯಾಗಿದೆಯಾ? ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯಾ? ಇವುಗಳಲ್ಲಿ ಒಂದಿದ್ದರೂ ಕೈ ಹಾಕಬೇಡಿ, ಬಾನೆಟ್ ತೆರೆದೇ ಇಟ್ಟು ದೂರ ಸರಿದು ಮೆಕ್ಯಾನಿಕ್‌ಗೆ ಫೋನ್ ಮಾಡಿ. ಕೆನಡಾ, ಅಮೆರಿಕದ ಕೊರೆಯುವ ಚಳಿಯಲ್ಲಿರುವವರಿಗೆ ಇನ್ನೊಂದು ಮಾತು: ಚಾರ್ಜ್ ಇಳಿದ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಕೇಬಲ್ ಹಾಕಲೇಬಾರದು.

ಎಷ್ಟೋ ಸಲ ಬ್ಯಾಟರಿ ಸರಿಯಾಗೇ ಇರುತ್ತದೆ, ವೈರು ಕೂಡುವ ಟರ್ಮಿನಲ್ ಮಾತ್ರ ಸಡಿಲವಾಗಿರುತ್ತದೆ, ಇಲ್ಲವೇ ಅದರ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿರುತ್ತದೆ. ಒಂದು ಬಟ್ಟೆ ಹಿಡಿದು ಟರ್ಮಿನಲ್ ಅಲ್ಲಾಡುತ್ತದೆಯೇ ನೋಡಿ. ಅಲ್ಲಾಡಿದರೆ ಬಿಗಿ ಮಾಡಿ. ಅಷ್ಟಕ್ಕೇ ಗಾಡಿ ಸ್ಟಾರ್ಟ್ ಆದರೆ ಕೇಬಲ್ ಗೊಡವೆಯೇ ಬೇಡ.

ಯಾರ ಗಾಡಿಯಿಂದ ಕರೆಂಟ್ ತೆಗೆದುಕೊಳ್ಳಬಹುದು?

12 ವೋಲ್ಟಿನ ಇನ್ನೊಂದು ಕಾರು, ಜೀಪು ಆಗುತ್ತದೆ. ಹೆದ್ದಾರಿಯಲ್ಲಿ ನಿಂತಾಗ ಸಹಾಯಕ್ಕೆ ಮೊದಲು ನಿಲ್ಲುವವರು ಲಾರಿಯವರು, ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಆದರೆ ಲಾರಿ, ಬಸ್ಸುಗಳಲ್ಲಿ ಹೆಚ್ಚಾಗಿ 24 ವೋಲ್ಟ್ ಇರುತ್ತದೆ. ಅದನ್ನು ಕಾರಿಗೆ ಕೊಟ್ಟರೆ ಕಾರಿನ ಕಂಪ್ಯೂಟರ್ ಸುಟ್ಟುಹೋಗಬಹುದು, ಬ್ಯಾಟರಿ ಸಿಡಿಯಲೂಬಹುದು. ಬೈಕಿನದೂ 12 ವೋಲ್ಟೇ, ಆದರೆ ಅಷ್ಟು ಪುಟ್ಟ ಬ್ಯಾಟರಿಯಿಂದ ಕಾರಿನ ಸೆಲ್ಫ್ ತಿರುಗಿಸಲು ಹೋಗಬಾರದು. ಮನೆಯ ಇನ್ವರ್ಟರ್ ಬ್ಯಾಟರಿ ಎತ್ತಿಕೊಂಡು ಬರುವ ಐಡಿಯಾ ಯಾರಿಗಾದರೂ ಬಂದೇ ಬರುತ್ತದೆ. ಬೇಡ. ಅಷ್ಟು ಭಾರದ, ಆ್ಯಸಿಡ್ ತುಂಬಿದ ಡಬ್ಬವನ್ನು ಮೆಟ್ಟಿಲಿಳಿಸುವುದೇ ಒಂದು ಅಪಾಯ. ಎಲೆಕ್ಟ್ರಿಕ್ ಕಾರಿನಲ್ಲೂ ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಆದರೆ ಅದರಿಂದ ಬೇರೆ ಗಾಡಿಗೆ ಕರೆಂಟ್ ಕೊಡಬೇಡಿ ಅಂತ ಎಷ್ಟೋ ಕಂಪನಿಗಳು ಮ್ಯಾನುಯಲ್‌ನಲ್ಲೇ ಬರೆದಿವೆ.

ಕೇಬಲ್ ಕೊಳ್ಳುವಾಗ ಹೊರಗಿನ ರಬ್ಬರ್ ದಪ್ಪ ನೋಡಿ ಮೋಸ ಹೋಗಬೇಡಿ. ಒಳಗಿನ ತಂತಿ ತಾಮ್ರದ್ದಾಗಿರಬೇಕು, ಸಣ್ಣ ಪೆಟ್ರೋಲ್ ಕಾರಿಗೂ 16 ಚದರ ಮಿಲಿಮೀಟರ್ ದಪ್ಪ ಬೇಕು. ಡೀಸೆಲ್ ಗಾಡಿಗೆ 25 ಇದ್ದರೆ ಒಳ್ಳೆಯದು. ತೆಳು ತಂತಿ ಬಿಸಿಯಾಗುತ್ತದೆ, ಕರೆಂಟ್ ಮಾತ್ರ ಆಚೆ ತಲುಪುವುದಿಲ್ಲ.

ನಾಲ್ಕು ಕ್ಲಿಪ್, ಒಂದೇ ಕ್ರಮ

ಎರಡೂ ಕಾರುಗಳನ್ನು ಕೇಬಲ್ ಎಟಕುವಷ್ಟು ಹತ್ತಿರ ನಿಲ್ಲಿಸಿ, ಆದರೆ ಒಂದಕ್ಕೊಂದು ತಾಗಬಾರದು. ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರ್ ನ್ಯೂಟ್ರಲ್, ಆಟೊಮ್ಯಾಟಿಕ್ ಆದರೆ ಪಾರ್ಕ್. ಎರಡೂ ಎಂಜಿನ್ ಆಫ್. ಎಸಿ, ಲೈಟು, ಸ್ಟೀರಿಯೊ ಎಲ್ಲ ಆಫ್. ಎರಡೂ ಬ್ಯಾಟರಿಗಳಲ್ಲಿ ಪ್ಲಸ್, ಮೈನಸ್ ಯಾವುದು ಅಂತ ಕಣ್ಣಾರೆ ನೋಡಿ. ವೈರಿನ ಬಣ್ಣ ನಂಬಬೇಡಿ, ಡಬ್ಬದ ಮೇಲೆ ಕೊರೆದ ಗುರುತನ್ನೇ ನಂಬಿ. ಧೂಳು ಕೂತಿದ್ದರೆ ಒರೆಸಿ ನೋಡಿ.

1. ಕೆಂಪು ಕ್ಲಿಪ್ ಇಳಿದ ಬ್ಯಾಟರಿಯ ಪ್ಲಸ್‌ಗೆ.

2. ಅದೇ ಕೆಂಪು ಕೇಬಲಿನ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ.

3. ಕಪ್ಪು ಕ್ಲಿಪ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ.

4. ಉಳಿದ ಕಪ್ಪು ಕ್ಲಿಪ್ ಇಳಿದ ಬ್ಯಾಟರಿಗಲ್ಲ! ಆ ಕಾರಿನ ಎಂಜಿನ್ ಮೇಲಿರುವ, ಪೇಂಟ್ ಇಲ್ಲದ ಗಟ್ಟಿ ಲೋಹಕ್ಕೆ. ಎಂಜಿನ್ ಎತ್ತಲು ಕೊಟ್ಟ ಕೊಕ್ಕೆ, ದಪ್ಪ ಬೋಲ್ಟ್ ಇಂಥದ್ದು ಯಾವುದಾದರೂ ಸರಿ. ಬ್ಯಾಟರಿಯಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು.

ಈ ನಾಲ್ಕನೆಯದರಲ್ಲೇ ಹೆಚ್ಚು ಜನ ಎಡವುತ್ತಾರೆ. ಕಪ್ಪು ಮೈನಸ್‌ಗೆ ಹೋದರೆ ತಪ್ಪೇನು, ಗಾಡಿ ಸ್ಟಾರ್ಟ್ ಆಗುತ್ತದಲ್ವಾ ಅಂತ ವಾದ ಮಾಡುತ್ತಾರೆ. ಸ್ಟಾರ್ಟ್ ಆಗುತ್ತದೆ, ಸುಳ್ಳಲ್ಲ. ಆದರೆ ಸರ್ಕಿಟ್ ಪೂರ್ತಿಯಾಗುವುದು ಕೊನೆಯ ಕ್ಲಿಪ್ ತಾಗಿದಾಗ, ಕಿಡಿ ಹಾರುವುದೂ ಆಗಲೇ. ಆ ಕಿಡಿ ಬ್ಯಾಟರಿಯ ಮೂತಿಗೆ ಹಾರುವ ಬದಲು ಅರ್ಧ ಮೀಟರ್ ಆಚೆ ಹಾರಲಿ ಎಂಬುದೇ ಲೆಕ್ಕ. ಕಾರಿನ ಮೈಯೆಲ್ಲ ಮೈನಸ್‌ಗೇ ಸೇರಿರುವುದರಿಂದ ಕರೆಂಟಿಗೆ ದಾರಿ ಅಲ್ಲೂ ಸಿಗುತ್ತದೆ. ಫ್ಯಾನ್, ಬೆಲ್ಟ್, ಪೆಟ್ರೋಲ್ ಪೈಪುಗಳ ಹತ್ತಿರ ಮಾತ್ರ ಕ್ಲಿಪ್ ಬೇಡ.

ಕ್ಲಿಪ್ ಹಾಕುತ್ತಿರುವಾಗ ಕೈಯಲ್ಲಿ ಉಳಿದ ಎರಡು ತುದಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಜೊತೆಗೊಬ್ಬರು ಇದ್ದರೆ ಒಂದು ತುದಿ ಅವರ ಕೈಗೆ ಕೊಡಿ. ಕೆಲವು ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದು, ಬಾನೆಟ್ ಕೆಳಗೆ ಕೆಂಪು ಮುಚ್ಚಳದ ಒಂದು ಪಾಯಿಂಟ್ ಕೊಟ್ಟಿರುತ್ತಾರೆ. ಅಂಥ ಗಾಡಿಗೆ ಮ್ಯಾನುಯಲ್ ತೆರೆಯದೆ ಕೈ ಹಾಕಬೇಡಿ.

ಈಗ ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಓಡಲು ಬಿಡಿ. ಆಮೇಲೆ ಇಳಿದ ಕಾರಿನ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಜಾಸ್ತಿ ಬೇಡ. ಹಿಡಿಯದಿದ್ದರೆ ಒಂದು ನಿಮಿಷ ತಡೆದು ಮತ್ತೆ ನೋಡಿ. ಮೂರು ನಾಲ್ಕು ಸಲವೂ ಆಗಲಿಲ್ಲವೇ? ಕ್ಲಿಪ್‌ಗಳನ್ನು ಸ್ವಲ್ಪ ತಿರುಗಿಸಿ ಗಟ್ಟಿ ಕಚ್ಚಿಸಿ ಕೊನೆಯದಾಗಿ ಒಮ್ಮೆ ನೋಡಿ, ಅಷ್ಟಕ್ಕೂ ಆಗದಿದ್ದರೆ ಬಿಟ್ಟುಬಿಡಿ.

ಎಂಜಿನ್ ಹಿಡಿದ ತಕ್ಷಣ ಖುಷಿಗೆ ಕೇಬಲ್ ಕಿತ್ತೆಸೆಯಬೇಡಿ. ಎರಡು ನಿಮಿಷ ಓಡಲಿ. ಸ್ಟಾರ್ಟ್ ಆದ ಕಾರಿನಲ್ಲಿ ಬ್ಲೋವರ್ ಹಾಕಿ, ಬಿಚ್ಚುವಾಗ ಒಮ್ಮೆಲೇ ವೋಲ್ಟೇಜ್ ಜಿಗಿಯುವುದನ್ನು ಅದು ತಡೆದುಕೊಳ್ಳುತ್ತದೆ. ಕ್ಲಿಪ್ ತೆಗೆಯುವುದು ಹಾಕಿದ್ದಕ್ಕೆ ತಿರುವುಮುರುವು: ಮೊದಲು ಎಂಜಿನ್ ಲೋಹದ ಮೇಲಿನ ಕಪ್ಪು, ಆಮೇಲೆ ಆಚೆ ಕಾರಿನ ಕಪ್ಪು, ನಂತರ ಆಚೆಯ ಕೆಂಪು, ಕೊನೆಗೆ ಈಚೆಯ ಕೆಂಪು.

ಆ್ಯಸಿಡ್ ಚರ್ಮಕ್ಕೆ ಹಾರಿದರೆ ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯುತ್ತಲೇ ಇರಿ. ಕಣ್ಣಿಗೆ ಬಿದ್ದಿದ್ದರೆ ಉಜ್ಜಬೇಡಿ. ಅಷ್ಟೇ ಹೊತ್ತು ನೀರು ಹಾಕಿ, ಉರಿ ಕಡಿಮೆಯಾದರೂ ಆಸ್ಪತ್ರೆಗೆ ಹೋಗಲೇಬೇಕು.

ಕೇಬಲ್ ಇಲ್ಲದಿದ್ದರೆ?

ತಳ್ಳಿ ಸ್ಟಾರ್ಟ್ ಮಾಡುವುದು ನಮಗೆ ಹಳೆಯ ಅಭ್ಯಾಸ. ಮ್ಯಾನುಯಲ್ ಗೇರ್ ಕಾರಿನಲ್ಲಿ ಮಾತ್ರ ಅದು ಸಾಧ್ಯ. ಆಟೊಮ್ಯಾಟಿಕ್, ಎಎಂಟಿ (ಕ್ಲಚ್ ಪೆಡಲ್ ಇಲ್ಲದ) ಕಾರುಗಳಲ್ಲಿ ಬೇಡ. ಕೀ ಆನ್ ಮಾಡಿ, ಕ್ಲಚ್ ಒತ್ತಿ ಎರಡನೇ ಗೇರ್ ಹಾಕಿ, ಗಾಡಿ ಉರುಳಿ ವೇಗ ಬಂದಾಗ ಕ್ಲಚ್ ಬಿಡಬೇಕು. ಎಂಜಿನ್ ಓಡದಿರುವಾಗ ಸ್ಟೀರಿಂಗ್ ಕಲ್ಲಿನಂತಿರುತ್ತದೆ, ಬ್ರೇಕನ್ನೂ ತುಂಬಾ ಬಲ ಹಾಕಿ ತುಳಿಯಬೇಕು ಎಂಬುದು ನೆನಪಿರಲಿ. ಹಾಗಾಗಿ ಬೇಸ್‌ಮೆಂಟಿನ ಇಳಿಜಾರಿನಲ್ಲಿ, ಘಾಟಿ ರಸ್ತೆಯಲ್ಲಿ ಈ ಸಾಹಸ ಬೇಡ. ಬ್ಯಾಟರಿ ತೀರಾ ಸತ್ತಿದ್ದರೆ ಇಂದಿನ ಕಾರುಗಳು ಎಷ್ಟು ತಳ್ಳಿದರೂ ಸ್ಟಾರ್ಟ್ ಆಗುವುದೂ ಇಲ್ಲ. ಪವರ್‌ಬ್ಯಾಂಕಿನಂಥ ಜಂಪ್ ಸ್ಟಾರ್ಟರ್ ಸಿಗುತ್ತವೆ, ಒಂಟಿಯಾಗಿ ಓಡಾಡುವವರಿಗೆ ಒಳ್ಳೆಯದು. ಆದರೆ ಬೇಸಿಗೆಯ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡಬಾರದು.

ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತುಹೋದರೆ 1033ಕ್ಕೆ ಫೋನ್ ಮಾಡಬಹುದು. ಕಾರಿನ ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದೀರಾ ನೋಡಿ. ದುಡ್ಡು ಕಟ್ಟಿರುತ್ತೇವೆ, ಇದೆ ಎಂಬುದೇ ಮರೆತಿರುತ್ತೇವೆ.

ಸ್ಟಾರ್ಟ್ ಆಯಿತು, ಇನ್ನು?

ಕನಿಷ್ಠ ಅರ್ಧ ಮುಕ್ಕಾಲು ಗಂಟೆ ಓಡಿಸಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಸಿ ಹಾಕಿ ನಿಂತ ಅರ್ಧ ಗಂಟೆ ಇದಕ್ಕೆ ಲೆಕ್ಕವಿಲ್ಲ, ಎಂಜಿನ್ ನಿಧಾನಕ್ಕೆ ತಿರುಗುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕೊಡುವುದೇ ಕಡಿಮೆ. ಪೂರ್ತಿ ಇಳಿದ ಬ್ಯಾಟರಿ ಒಂದು ಓಟಕ್ಕೆ ತುಂಬುವುದೂ ಇಲ್ಲ. ಬ್ಯಾಟರಿ ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿಸುವುದೇ ಸರಿ. ಎಂಜಿನ್ ಓಡುವಾಗ ಮೀಟರಿಟ್ಟು ನೋಡಿದರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಆಲ್ಟರ್ನೇಟರ್ ಚೆಕ್ ಮಾಡಿಸಿ. ಅಲ್ಲಿಯವರೆಗೆ ಹೊಸ ಬ್ಯಾಟರಿ ಕೊಳ್ಳುವ ಮಾತು ಬೇಡ, ಅದೂ ಹೀಗೇ ಇಳಿಯುತ್ತದೆ.

ಟರ್ಮಿನಲ್ ಮೇಲೆ ಪುಡಿ ಕಟ್ಟಿದ್ದರೆ ಎಂಜಿನ್ ಆಫ್ ಮಾಡಿ, ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದರೆ ನೊರೆ ಎದ್ದು ಪುಡಿ ಬಿಡುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳಗಳೊಳಗೆ ಇಳಿಯಬಾರದು. ಒಣಗಿಸಿ, ಪ್ಲಸ್ ಮೊದಲು ಹಾಕಿ, ಮೈನಸ್ ಕೊನೆಗೆ. ಮೇಲೆ ಒಂಚೂರು ವ್ಯಾಸಲೀನ್ ಸವರಿ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ, ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ನಮ್ಮ ಬೇಸಿಗೆಯ ಶಾಖಕ್ಕೆ ಈ ನೀರು ಬೇಗ ಆರುತ್ತದೆ, ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್, ಮೇನಲ್ಲಿ ತಪ್ಪದೆ ನೋಡಬೇಕು.

ಮೂರು ನಾಲ್ಕು ವರ್ಷ ದಾಟಿದ ಬ್ಯಾಟರಿ ಎರಡನೇ ಸಲ ಕೈಕೊಟ್ಟರೆ ಬದಲಾಯಿಸುವುದೇ ಲೇಸು. ಸಿಗ್ನಲ್ಲಿನಲ್ಲಿ ತಾನಾಗಿ ಎಂಜಿನ್ ಆಫ್ ಆಗುವ ಕಾರಾದರೆ ಅದಕ್ಕೆಂದೇ ಬರುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯನ್ನೇ ಕೇಳಿ, ಅಗ್ಗಕ್ಕೆ ಸಿಗುವ ಸಾಧಾರಣ ಬ್ಯಾಟರಿ ಅಲ್ಲಿ ಬಾಳುವುದಿಲ್ಲ. ಹಳೆಯದನ್ನು ಗುಜರಿಯವರಿಗೆ ಕೊಡಬೇಡಿ. ಆ್ಯಸಿಡ್ ಚರಂಡಿಗೆ ಸುರಿದು, ಸೀಸವನ್ನು ಬಯಲಿನಲ್ಲಿ ಕರಗಿಸುವ ಜಾಗಗಳಿಗೆ ಅದು ಹೋಗಿಬಿಡಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ಸರಿಯಾದ ರೀಸೈಕಲಿಂಗ್‌ಗೆ ಹೋಗುವಂತೆ ನೋಡಿಕೊಳ್ಳುವುದು ತಯಾರಕರ ಹೊಣೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬಿಲ್ಲಿನಲ್ಲಿ ಒಂದಿಷ್ಟು ದುಡ್ಡು ಕಡಿಮೆಯಾಗುತ್ತದೆ, ಚೌಕಾಸಿ ಮಾಡಿ. ಹಾಗೇ ಹೊಸ ಬ್ಯಾಟರಿ ತಯಾರಾದ ತಿಂಗಳು ಯಾವುದು ಎಂದು ಅಂಗಡಿಯವರ ಎದುರೇ ಓದಿಸಿ, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿಕೊಂಡೇ ಹೊರಡಿ.