ನೀರಿಗೆ ಇಳಿಯೋದು ಕೊನೆಯ ದಾರಿ: ಲೈಫ್ ಸೇವಿಂಗ್ ವಾಲಂಟಿಯರ್ ಆಗಿ ನನ್ನ ಅನುಭವ

ನೀರಲ್ಲಿ ಮುಳುಗೋರನ್ನ ಕಾಪಾಡೋ ಲೈಫ್ ಸೇವಿಂಗ್ ಸೊಸೈಟಿಗೆ ನಾನು ಸೇರಿ ಹನ್ನೊಂದು ವರ್ಷ ಆಯ್ತು. ಸಂಬಳ ಇಲ್ಲ, ಎಲ್ಲರಿಗೂ ರಜಾ ಇರೋ ದಿನಾನೇ ನಮಗೆ ಡ್ಯೂಟಿ, ಬಿಸಿಲಲ್ಲಿ ಹೊಳೆದಂಡೆ ಮೇಲೆ ನಿಂತು ನೀರನ್ನೇ ನೋಡ್ತಾ ಇರಬೇಕು. ಸೇರುವಾಗ ನನ್ನ ಹತ್ರ ಇದ್ದಿದ್ದು ಒಂದೇ ಅರ್ಹತೆ, ಈಜು ಚೆನ್ನಾಗಿ ಬರ್ತಿತ್ತು. ಚೆನ್ನಾಗಿ ಈಜೋನು ಮುಳುಗೋರನ್ನ ಕಾಪಾಡಬಲ್ಲ ಅಂತ ನಂಬಿದ್ದೆ. ಆ ನಂಬಿಕೆ ಟ್ರೈನಿಂಗಿನ ಎರಡನೇ ದಿನಾನೇ ಹೋಯ್ತು.

ಅವತ್ತು ನಮ್ಮ ಟ್ರೈನರ್ ಮೇಡಂ ಪೂಲ್‌ನಲ್ಲಿ ಮುಳುಗ್ತಿರೋರ ಥರ ಆಕ್ಟ್ ಮಾಡ್ತಾ ಇದ್ದರು, ನಾನು ಹೋಗಿ ಕರ್ಕೊಂಡು ಬರಬೇಕಿತ್ತು. ಜೋರಾಗಿ ಈಜಿ ನೇರ ಅವರ ಮುಂದೆ ಹೋಗಿ ಕೈ ಹಿಡಿದೆ. ಮುಂದಿನ ಕ್ಷಣ ಅವರ ಎರಡೂ ತೋಳು ನನ್ನ ಕುತ್ತಿಗೆ ಸುತ್ತ, ಅವರ ಪೂರ್ತಿ ಭಾರ ನನ್ನ ಭುಜದ ಮೇಲೆ, ನಾನು ನೀರೊಳಗೆ. ಬಿಡಿಸ್ಕೊಳ್ಳೋಕೆ ಆಗಲಿಲ್ಲ, ಅವರಾಗೇ ಬಿಟ್ಟರು. ದಡಕ್ಕೆ ಬಂದು ಕೆಮ್ಮುತ್ತಾ ಕೂತಿದ್ದಾಗ ಮೇಡಂ ಕೋಪ ಇಲ್ಲದೆ ಹೇಳಿದ್ರು, "ಈಗ ಎರಡು ಹೆಣ ಆಯ್ತು ನೋಡಿ. ದಡದಲ್ಲಿ ಹಗ್ಗ ಇತ್ತು, ಅದರ ಕಡೆ ನೀವು ತಿರುಗಿ ಕೂಡ ನೋಡಲಿಲ್ಲ."

ಆಮೇಲೆ ಕಲಿಸಿದ ಕ್ರಮ ಇವತ್ತಿಗೂ ಹಾಗೇ ಇದೆ. ಮೊದಲು ಕೂಗಿ ಮಾತಾಡಿಸು, ಹತ್ರ ಇದ್ರೆ ಕೋಲೋ ಟವೆಲ್ಲೋ ಚಾಚು, ದೂರ ಇದ್ರೆ ಹಗ್ಗ ಅಥವಾ ತೇಲೋ ವಸ್ತು ಎಸೆ, ಅದೂ ಆಗದಿದ್ರೆ ಬೋಟ್ ತಗೊಂಡು ಹೋಗು. ಇದ್ಯಾವುದೂ ಆಗದೇ ಇದ್ದಾಗ ಮಾತ್ರ ನೀರಿಗೆ ಇಳಿ, ಅದೂ ಕೈಯಲ್ಲಿ ರೆಸ್ಕ್ಯೂ ಟ್ಯೂಬ್, ಅಂದ್ರೆ ಹಿಡ್ಕೊಂಡು ತೇಲೋಕೆ ಆಗೋ ಉದ್ದನೆ ಫೋಮ್ ತುಂಡು, ಇದ್ರೆ ಮಾತ್ರ. ಆ ಟ್ಯೂಬ್ ನಿಮ್ಮಿಬ್ಬರ ಮಧ್ಯೆ ಇರಬೇಕು, ಅವರು ಅದನ್ನ ತಬ್ಬಿಕೊಳ್ಳಬೇಕೇ ಹೊರತು ನಿಮ್ಮನ್ನಲ್ಲ. ಒಬ್ಬರನ್ನ ಕಾಪಾಡೋಕೆ ಹಾರಿ ಅಣ್ಣ ತಮ್ಮ, ಅಪ್ಪ ಮಗ ಇಬ್ಬರೂ ಹೋದ ಸುದ್ದಿ ಓದಿದಾಗೆಲ್ಲ ನನಗೆ ಆ ಪೂಲ್ ನೆನಪಾಗುತ್ತೆ.

ಹಗ್ಗ ಎಸೆಯೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರು ಬೇಕಾದ್ರೂ ಕಲೀಬಹುದು. ಥ್ರೋ ಬ್ಯಾಗ್ ಅಂದ್ರೆ ಒಳಗೆ ತೇಲೋ ಹಗ್ಗ ತುಂಬಿರೋ ಚಿಕ್ಕ ಚೀಲ, ಸಾಮಾನ್ಯವಾಗಿ 15ರಿಂದ 20 ಮೀಟರ್ ಇರುತ್ತೆ. ಹಗ್ಗದ ಒಂದು ತುದಿ ಎಡಗೈಲಿ ಹಿಡ್ಕೊಂಡು ಚೀಲ ಎಸೀಬೇಕು. ಕೈಗೆ ಸುತ್ತಿಕೊಳ್ಳಲೇಬಾರದು, ಎಳೆದಾಗ ನೀವೂ ನೀರಿಗೆ ಹೋಗ್ತೀರ. ಮೊದಲು ಅವರ ಗಮನ ನಿಮ್ಮ ಕಡೆ ಬರೋ ಹಾಗೆ "ಹಗ್ಗ! ಹಗ್ಗ ಹಿಡಿ!" ಅಂತ ಕೂಗಬೇಕು. ಚೀಲ ಅವರ ಮುಂದೆ ಬೀಳಬಾರದು, ತಲೆ ದಾಟಿ ಆಚೆ ಬಿದ್ದು ಹಗ್ಗ ಭುಜದ ಮೇಲೆ ಬರಬೇಕು, ಗಾಬರಿಯಲ್ಲಿರೋರು ಒಂದು ಮಾರು ದೂರದ ಹಗ್ಗಾನೂ ಕೈ ಚಾಚಿ ತಗೊಳ್ಳಲ್ಲ. ಅವರು ಹಿಡಿದ ತಕ್ಷಣ ನೀವು ಕೂತುಬಿಡಿ, ಕಾಲು ಊರಿ. ಹರಿಯೋ ನೀರಲ್ಲಿ ಎಳೆಯೋ ಅವಶ್ಯಕತೆನೂ ಅಷ್ಟಿರಲ್ಲ, ಹಗ್ಗ ಬಿಗಿ ಹಿಡಿದ್ರೆ ಹರಿವೇ ಅವರನ್ನ ತೂಗಿಕೊಂಡು ದಡಕ್ಕೆ ತಂದು ಬಿಡುತ್ತೆ. ತಪ್ಪಿದ್ರೆ ಹಗ್ಗ ಮತ್ತೆ ಚೀಲಕ್ಕೆ ತುಂಬ್ತಾ ಕೂರಬೇಡಿ, ಚೀಲದಲ್ಲಿ ಸ್ವಲ್ಪ ನೀರು ಹಿಡಿದು ಆ ತೂಕದಲ್ಲಿ ಮತ್ತೆ ಎಸೀರಿ. ನಾನು ಈಗಲೂ ಪ್ರತಿ ಶಿಫ್ಟ್ ಶುರುವಾಗೋ ಮುಂಚೆ ಹತ್ತು ಸಲ ಎಸೀತೀನಿ.

ಇದಕ್ಕಿಂತ ಕಷ್ಟದ ಕೆಲಸ ನೋಡೋದು. ನನ್ನ ಎರಡನೇ ಸೀಸನ್‌ನಲ್ಲಿ ಆಗಿದ್ದು ಇದು, ಹೇಳೋಕೆ ಇವತ್ತಿಗೂ ಸಂಕಟ ಆಗುತ್ತೆ. ನನ್ನ ಭಾಗದಲ್ಲಿ ಏಳೆಂಟು ಹುಡುಗರು ಕಿರುಚಾಡ್ತಾ ಆಡ್ತಿದ್ದರು, ನಾನು ಗಲಾಟೆ ಮಾಡೋರ ಮೇಲೇ ಕಣ್ಣಿಟ್ಟಿದ್ದೆ. ಪಕ್ಕದಲ್ಲಿ ಒಬ್ಬ ಚಿಕ್ಕವನು ಸುಮ್ಮನೆ ನೆಟ್ಟಗೆ ನಿಂತ ಹಾಗಿದ್ದ, ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟಕ್ಕೆ. ಆಕಾಶ ನೋಡ್ತಿದ್ದಾನೆ ಅಂದ್ಕೊಂಡೆ. ನನ್ನ ಪಕ್ಕದ ವಾಲಂಟಿಯರ್ ಅಕ್ಕ ವಿಸಲ್ ಊದಿ ಓಡಿ ಹೋಗಿ ಕೋಲು ಚಾಚಿದಾಗಲೇ ನನಗೆ ಗೊತ್ತಾಗಿದ್ದು. ಹುಡುಗ ಉಳಿದ. ಆದ್ರೆ ಅವನಿದ್ದಿದ್ದು ನನ್ನ ಭಾಗದಲ್ಲಿ, ನೋಡಬೇಕಾದವನು ನಾನು.

ಮುಳುಗೋರು ಕೂಗಲ್ಲ. ಉಸಿರಾಡೋಕೇ ಬಾಯಿ ಸಾಲದೇ ಇರುವಾಗ ಕೂಗೋದೆಲ್ಲಿಂದ ಬರಬೇಕು. ಕೈ ಬೀಸೋಕೂ ಆಗಲ್ಲ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನ ಕೆಳಗೆ ಒತ್ತುತ್ತಾ ಇರ್ತಾರೆ ಅಷ್ಟೇ. ಅಮೆರಿಕದ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ ಇದನ್ನ ಗಮನಿಸಿ ಬರೆದಿಟ್ಟ ಪ್ರಕಾರ ಪೂರ್ತಿ ಮುಳುಗೋಕೆ ಮುಂಚೆ ಸಿಗೋದು 20ರಿಂದ 60 ಸೆಕೆಂಡ್. ಅವತ್ತಿಂದ ನಾನು ಗಲಾಟೆ ಮಾಡೋರಿಗಿಂತ ಸದ್ದಿಲ್ಲದೆ ಇರೋರನ್ನೇ ಜಾಸ್ತಿ ನೋಡ್ತೀನಿ.

ನಮ್ಮಂಥ ಸೊಸೈಟಿಗಳ ಹಿನ್ನೆಲೆ ಓದಿದ್ದು ಆ ಘಟನೆ ಆದ ಮೇಲೇ. 1767ರಲ್ಲಿ ಕಾಲುವೆಗಳ ಊರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮುಳುಗಿದವರನ್ನ ಬದುಕಿಸೋಕೆ ಅಂತ ಒಂದು ಸಂಘ ಶುರುವಾಯ್ತು, ಅದನ್ನ ನೋಡಿ 1774ರಲ್ಲಿ ಲಂಡನ್‌ನಲ್ಲಿ ವಿಲಿಯಂ ಹಾಸ್ ಮತ್ತು ಥಾಮಸ್ ಕೋಗನ್ ಅನ್ನೋ ಡಾಕ್ಟರ್‌ಗಳು ಇನ್ನೊಂದು ಮಾಡಿದ್ರು, ಅದೇ ಮುಂದೆ ರಾಯಲ್ ಹ್ಯೂಮೇನ್ ಸೊಸೈಟಿ ಆಯ್ತು. ನೀರಿಂದ ತೆಗೆದ ಮನುಷ್ಯ ಸತ್ತೇ ಹೋಗಿದ್ದಾನೆ ಅಂತ ಜನ ಕೈಬಿಡ್ತಿದ್ದ ಕಾಲದಲ್ಲಿ ಇವರು ಇನ್ನೂ ಪ್ರಯತ್ನ ಮಾಡಿ ಅಂದ್ರು, ಮಾಡಿದೋರಿಗೆ ಬಹುಮಾನ ಕೊಟ್ಟರು. ಅವರ ವಿಧಾನಗಳಲ್ಲಿ ಬಾಯಿಂದ ಉಸಿರು ಊದೋದೂ ಇತ್ತು, ತಂಬಾಕಿನ ಹೊಗೆಯನ್ನ ಗುದದ್ವಾರದಿಂದ ಹಾಕೋದೂ ಇತ್ತು. ಎಲ್ಲ ಸರಿ ಇರಲಿಲ್ಲ, ಆದ್ರೆ ಕೈಬಿಡಬೇಡಿ ಅನ್ನೋದು ಸರಿ ಇತ್ತು.

ಇಷ್ಟಾದ್ರೂ ಅವರ ಗಮನ ಹೆಚ್ಚಾಗಿ ಇದ್ದಿದ್ದು ಮುಳುಗಿದ ಮೇಲೆ ಏನು ಮಾಡೋದು ಅನ್ನೋದರ ಮೇಲೆ. 1891ರಲ್ಲಿ ವಿಲಿಯಂ ಹೆನ್ರಿ ಅನ್ನೋ ಈಜುಗಾರ ಇಂಗ್ಲೆಂಡಲ್ಲಿ ಶುರು ಮಾಡಿದ ಲೈಫ್ ಸೇವಿಂಗ್ ಸೊಸೈಟಿ ಸಾಮಾನ್ಯ ಜನರಿಗೇ ಕ್ಲಾಸ್ ಮಾಡಿ, ಪರೀಕ್ಷೆ ಇಟ್ಟು, ಕಾಪಾಡೋದನ್ನ ಕಲಿಸೋಕೆ ಹೊರಟಿತು. ನನಗೆ ಇಡೀ ಇತಿಹಾಸದಲ್ಲಿ ದೊಡ್ಡ ತಿರುವು ಅನ್ಸೋದು ಇದೇ. ಜರ್ಮನಿಯಲ್ಲಿ 1912ರಲ್ಲಿ ಬಿಂಟ್ಸ್ ಅನ್ನೋ ಕಡಲೂರಿನಲ್ಲಿ ನೀರೊಳಕ್ಕೆ ಚಾಚಿದ್ದ ಜೆಟ್ಟಿ (ದೋಣಿ ಹತ್ತೋ ಕಟ್ಟೆ) ಮುರಿದು ಜನ ನೀರಿಗೆ ಬಿದ್ದು ಸತ್ತರು, ಮುಂದಿನ ವರ್ಷಾನೇ ಆ ದೇಶದಲ್ಲಿ ಜರ್ಮನ್ ಲೈಫ್ ಸೇವಿಂಗ್ ಸೊಸೈಟಿ, ಅಂದ್ರೆ ಡಿಎಲ್‌ಆರ್‌ಜಿ ಹುಟ್ಟಿತು, ಇವತ್ತು ಅದು ಪ್ರಪಂಚದ ಅತಿ ದೊಡ್ಡ ವಾಲಂಟಿಯರ್ ಲೈಫ್ ಸೇವಿಂಗ್ ಸಂಸ್ಥೆ. ಸಿಡ್ನಿಯ ಬೋಂಡಿ ಬೀಚಲ್ಲಿ 1938ರ ಫೆಬ್ರವರಿ 6ರಂದು ದೊಡ್ಡ ಅಲೆಗಳು ಬಂದು ನೂರಾರು ಜನರನ್ನ ಒಂದೇ ಸಲ ಆಳಕ್ಕೆ ಎಳೆದುಕೊಂಡು ಹೋದಾಗ ಸತ್ತೋರು ಐದು ಜನ, ಉಳಿದೋರೆಲ್ಲ ದಡ ಸೇರಿದ್ದು ಅಲ್ಲಿ ನಿಂತಿದ್ದ ವಾಲಂಟಿಯರ್‌ಗಳಿಂದ. ಆ ನಿಂತಿದ್ದರು ಅನ್ನೋ ಮಾತು ಓದಿ ನನಗೆ ಕಣ್ಣು ತುಂಬಿ ಬಂತು, ಯಾಕಂದ್ರೆ ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ನಿಂತಿರೋದೇ.

ಹಳೇ ಅಭ್ಯಾಸಗಳು ಇನ್ನೂ ಹೋಗಿಲ್ಲ. ಹಿಂದೆ ಮುಳುಗಿದವರನ್ನ ಪೀಪಾಯಿ ಮೇಲೆ ಉರುಳಿಸಿ ನೀರು ತೆಗೀತಿದ್ದರಂತೆ, ಇವತ್ತೂ ದಡದಲ್ಲಿ ಸೇರಿದ ಜನ "ಹೊಟ್ಟೆ ಒತ್ತಿ, ತಲೆಕೆಳಗೆ ಮಾಡಿ" ಅಂತ ಕೂಗ್ತಾರೆ. ಅದನ್ನ ಮಾಡಬೇಡಿ. ಹೊಟ್ಟೆಯಲ್ಲಿರೋದು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತೆ, ಸಮಯಾನೂ ಹಾಳು. ಮುಳುಗಿದವರಿಗೆ ಇಲ್ಲದೇ ಇರೋದು ಗಾಳಿ, ಅದಕ್ಕೇ ನಾವು ಉಸಿರು ಇಲ್ಲ ಅಂತ ಕಂಡ್ರೆ ತಲೆ ಹಿಂದಕ್ಕೆ ಬಾಗಿಸಿ ಮೊದಲು ಐದು ಸಲ ಬಾಯಿಂದ ಉಸಿರು ಕೊಡ್ತೀವಿ, ಆಮೇಲೆ 30 ಸಲ ಎದೆ ಒತ್ತಿ 2 ಉಸಿರು, ಹಾಗೇ ಮುಂದುವರಿಸ್ತೀವಿ, ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಿರ್ತಾರೆ. ಎದ್ದು ಕೂತು ನಾನು ಚೆನ್ನಾಗಿದ್ದೀನಿ ಅಂದ್ರೂ ಆಸ್ಪತ್ರೆಗೆ ಕಳಿಸ್ತೀವಿ, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಜಾಸ್ತಿ ಆಗಬಹುದು.

ಒಬ್ಬರನ್ನ ಉಳಿಸೋಕಾಗಲಿಲ್ಲ. ಕಾವಲಿಲ್ಲದ ಜಾಗದಲ್ಲಿ ಇಳಿದಿದ್ದರು, ನಮಗೆ ಸುದ್ದಿ ಬಂದು ನಾವು ತಲುಪೋ ಹೊತ್ತಿಗೆ ತಡ ಆಗಿತ್ತು, ನಲವತ್ತು ನಿಮಿಷ ಸರದಿ ಮೇಲೆ ಎದೆ ಒತ್ತಿದೆವು. ಅವರ ಹೆಂಡತಿ ನನ್ನ ಕೈಯನ್ನೇ ನೋಡ್ತಾ ನಿಂತಿದ್ದರು. ಅವರ ಜೊತೆ ಬಂದಿದ್ದವರು ಆರು ಜನ ದಡದಲ್ಲೇ ಇದ್ದರು, ಅವರ ಕಾರಲ್ಲಿ ಕ್ಯಾರಿಯರ್‌ಗೆ ಕಟ್ಟಿದ್ದ ಉದ್ದನೆ ಹಗ್ಗ ಇತ್ತು, ಯಾರಿಗೂ ಹೊಳೆದಿರಲಿಲ್ಲ.

ಡಬ್ಲ್ಯುಎಚ್‌ಒ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದ್ದಾರೆ. ನನಗೆ ಅಷ್ಟು ದೊಡ್ಡ ಸಂಖ್ಯೆ ಕಣ್ಣಿಗೆ ಬರಲ್ಲ, ಆ ಹಗ್ಗ ಬರುತ್ತೆ. ಅದಕ್ಕೇ ಈಗ ನಾನು ಡ್ಯೂಟಿಗಿಂತ ಹೆಚ್ಚು ಕ್ಲಾಸ್ ತಗೋತೀನಿ. ಅವತ್ತು ವಿಸಲ್ ಊದಿದ ಅಕ್ಕನಿಗೆ ಈಜು ಅಷ್ಟಕ್ಕಷ್ಟೇ, ಆದ್ರೆ ನಮ್ಮಲ್ಲಿ ಅವರಷ್ಟು ಗುರಿಯಿಟ್ಟು ಹಗ್ಗ ಎಸೆಯೋರು ಇನ್ನೊಬ್ಬರಿಲ್ಲ, ಎಸೆಯೋದನ್ನ ಕಲಿಸೋದು ಅವರೇ. ಮುಂದಿನ ಬ್ಯಾಚ್‌ಗೆ ಈಜೇ ಬರದ ನಾಲ್ಕು ಜನ ಹೆಸರು ಕೊಟ್ಟಿದ್ದಾರೆ, ಸೇರಿಸ್ಕೋತೀರಾ ಅಂತ ಹೆದರಿಕೊಂಡೇ ಕೇಳಿದ್ರು. ಮೊದಲ ದಿನ ಹೇಗೂ ನೀರಿಗೆ ಇಳಿಯೋದಿಲ್ಲ, ಒಣ ನೆಲದ ಮೇಲೆ ಚೀಲ ಎಸೆಯೋದಷ್ಟೇ, ಬನ್ನಿ ಅಂದಿದ್ದೀನಿ.